ಹಣಕಾಸು ಪ್ರಶ್ನೋತ್ತರ: ಕೆಟ್ಟ ಸಿಬಿಲ್ ಅಂಕ ಕಾರ್ಡಿನಿಂದ ಸುಧಾರಿಸುತ್ತದೆಯೇ?

ಪ್ರಶ್ನೆ: ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆರು ಮಷೀನುಗಳ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಕೆಲಸ ನಿಂತು, ಕ್ರೆಡಿಟ್ ಕಾರ್ಡಿನ 62,000 ರೂಪಾಯಿ ಬಾಕಿ ಕಟ್ಟಲಾಗಲಿಲ್ಲ. ಮರುವರ್ಷ ವಸೂಲಿಗೆ ಬಂದವರು 30,000 ಕೊಟ್ಟರೆ ಲೆಕ್ಕ ಚುಕ್ತಾ ಎಂದರು, ಕೊಟ್ಟೆ. ಈಗ ಎರಡು ಮಷೀನುಗಳಿಗೆ ಸಾಲ ಕೇಳಿದರೆ, ಸಿಬಿಲ್ ಅಂಕ 581 ಇದೆ ಎಂದು ಬ್ಯಾಂಕಿನವರು ಅರ್ಜಿಯನ್ನು ತಿರಸ್ಕರಿಸಿದ್ದಾರೆ. 8,000 ರೂಪಾಯಿ ಕೊಟ್ಟರೆ ಅಂಕವನ್ನು 750ಕ್ಕೆ ಏರಿಸಿಕೊಡುವುದಾಗಿ ಒಬ್ಬರು ಹೇಳುತ್ತಾರೆ. ಮೂರು ನಾಲ್ಕು ಕಾರ್ಡು ತೆಗೆದುಕೊಂಡರೆ ತಾನಾಗಿಯೇ ಏರುತ್ತದೆ ಎಂದು ಇನ್ನೊಬ್ಬರು. ಯಾವುದು ಸರಿ?
— ಓದುಗರು, ಬಳ್ಳಾರಿ

ಉತ್ತರ: ಎರಡೂ ಬೇಡ. ಮೊದಲನೆಯವರಿಗೆ ದುಡ್ಡು ಕೊಡಬೇಡಿ. ಸಿಬಿಲ್ ಅಂಕವೆಂದರೆ ನೀವು ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬ ವರದಿಯ ಆಧಾರದ ಮೇಲೆ ಸಿಬಿಲ್ ಸಂಸ್ಥೆ ಕೊಡುವ ಅಂಕ. ಆ ವರದಿಯಲ್ಲಿರುವ ದಾಖಲೆಯನ್ನು ಕಳುಹಿಸಿದ್ದು ಸಾಲ ಕೊಟ್ಟ ಬ್ಯಾಂಕು. ಅದನ್ನು ತಿದ್ದಿ ಕಳುಹಿಸಬೇಕಾದದ್ದೂ ಆ ಬ್ಯಾಂಕೇ. ನಡುವಿನವರು ಮಾಡುವುದು ನೀವೇ ಬಿಡಿಗಾಸಿಲ್ಲದೆ ಮಾಡಬಹುದಾದ ಅರ್ಜಿಯನ್ನಷ್ಟೇ. ಎರಡನೆಯವರ ಮಾತು ಕೇಳಿ ನಾಲ್ಕು ಕಡೆ ಕಾರ್ಡಿಗೆ ಅರ್ಜಿ ಹಾಕಿದರೆ, ನಾಲ್ಕೂ ವಿಚಾರಣೆಗಳು (ಬ್ಯಾಂಕುಗಳು ನಿಮ್ಮ ವರದಿ ಕೇಳಿ ನೋಡಿದ್ದು) ವರದಿಯಲ್ಲಿ ದಾಖಲಾಗಿ, ಈ ಮನುಷ್ಯನಿಗೆ ಹಣದ ತೀರಾ ಅಡಚಣೆ ಇದೆ ಎಂಬ ಭಾವನೆ ಹುಟ್ಟಿಸುತ್ತವೆ.

ಮೊದಲು ನಿಮ್ಮ ವರದಿಯನ್ನು ನೀವೇ ಓದಿ. ನಮ್ಮ ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಸಾಲಗಾರರ ದಾಖಲೆ ಇಡುವ ನಾಲ್ಕು ಸಂಸ್ಥೆಗಳಿದ್ದು, ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವು ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಸಿಬಿಲ್ ವರದಿಯಲ್ಲಿ ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದರಂತೆ 36 ತಿಂಗಳವರೆಗಿನ ಚೌಕಗಳಿರುತ್ತವೆ. ಸಮಯಕ್ಕೆ ಕಟ್ಟಿದ ತಿಂಗಳಿಗೆ 000, ತಡವಾದ ತಿಂಗಳಿಗೆ ಎಷ್ಟು ದಿನ ತಡವೆಂಬ ಸಂಖ್ಯೆ. ನಿಮ್ಮ ಹಳೆಯ ಕಾರ್ಡಿನ ಸಾಲಿನಲ್ಲಿ 030, 060, 090 ಎಂದು ಏರುತ್ತಾ ಹೋಗಿ, ಕೊನೆಗೆ ‘ಸೆಟಲ್ಡ್’ ಎಂಬ ಪದ ಇರಬೇಕು. ನಿಮ್ಮ ಅರ್ಜಿಗೆ ಅಡ್ಡ ಬಂದಿರುವುದರಲ್ಲಿ ಆ ಪದದ ಪಾಲು ದೊಡ್ಡದು. ನೀವು ಅದನ್ನು ‘ಚುಕ್ತಾ’ ಎಂದು ತಿಳಿದಿರಿ. ಬ್ಯಾಂಕುಗಳ ಭಾಷೆಯಲ್ಲಿ ಅದರ ಅರ್ಥ, ಸಾಲಗಾರ ಪೂರ್ತಿ ಕಟ್ಟಲಿಲ್ಲ, ಉಳಿದದ್ದನ್ನು ನಾವು ಕೈಬಿಟ್ಟೆವು ಎಂದು. ವಸೂಲಿಗೆ ಬಂದವರು ಈ ವ್ಯತ್ಯಾಸವನ್ನು ಹೇಳದೇ ಹೋದದ್ದು ಅನ್ಯಾಯ. ನಿಮ್ಮಂತೆ ನಂಬಿ ಕೊಟ್ಟವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ.

ಆದ್ದರಿಂದ ಕೈಯಲ್ಲಿ ಹಣವಿದ್ದರೆ, ಹೊಸ ಕಾರ್ಡಿಗಿಂತ ಮುಂಚೆ ಹಳೆಯ ಬ್ಯಾಂಕಿಗೆ ಪತ್ರ ಬರೆಯಿರಿ. ಉಳಿದ 32,000 ರೂಪಾಯಿಯನ್ನು ಕಟ್ಟಲು ಸಿದ್ಧನಿದ್ದೇನೆ, ಕಟ್ಟಿದ ಮೇಲೆ ಖಾತೆಯನ್ನು ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಎಂದು ತಿದ್ದಿ ವರದಿ ಮಾಡುವಿರಾ ಎಂದು ಕೇಳಿ, ಒಪ್ಪಿಗೆಯನ್ನು ಬ್ಯಾಂಕಿನಿಂದಲೇ ಬರಹದಲ್ಲಿ ಪಡೆದ ನಂತರವೇ ಹಣ ಕಟ್ಟಿ, ಬಾಕಿ ಏನೂ ಇಲ್ಲ ಎಂಬ ನೋ ಡ್ಯೂ ಪತ್ರ ತೆಗೆದುಕೊಳ್ಳಿ. ಫೋನಿನಲ್ಲಿ ಕೊಟ್ಟ ಮಾತನ್ನು ಈ ಸಲ ನಂಬಬೇಡಿ. ತಡವಾದ ತಿಂಗಳುಗಳ ಗುರುತು ಇದರಿಂದ ಅಳಿಸುವುದಿಲ್ಲ, ಆದರೆ ಕೊನೆಯ ಪದ ಬದಲಾಗುತ್ತದೆ. ವರದಿಯಲ್ಲಿ ನಿಮ್ಮದಲ್ಲದ ಸಾಲವೋ, ತಪ್ಪು ಮೊತ್ತವೋ ಕಂಡರೆ ಆ ಸಂಸ್ಥೆಗೇ ನೇರವಾಗಿ ದೂರು ಕೊಡಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಕಾರ್ಡಿನ ಮಾತು ಇನ್ನು. 581 ಅಂಕಕ್ಕೆ ಸಾಮಾನ್ಯ ಕಾರ್ಡು ಸಿಗುವುದು ಕಷ್ಟ. ಆದರೆ ನಿಶ್ಚಿತ ಠೇವಣಿಯ ಮೇಲೆ ಕೊಡುವ ಕಾರ್ಡು ಅನೇಕ ಬ್ಯಾಂಕುಗಳಲ್ಲಿ ಇದೆ. 25,000 ರೂಪಾಯಿ ಠೇವಣಿ ಇಟ್ಟು ಸುಮಾರು 20,000 ಮಿತಿಯ ಒಂದೇ ಒಂದು ಕಾರ್ಡು ಪಡೆಯಿರಿ. ಅದರಲ್ಲಿ ಹೊಸದೇನನ್ನೂ ಕೊಳ್ಳಬೇಡಿ. ದಾರ, ಜಿಪ್ಪು, ಗುಂಡಿಗೆ, ಗಾಡಿಯ ಪೆಟ್ರೋಲಿಗೆ ಹೇಗೂ ನಗದು ಕೊಡುತ್ತೀರಲ್ಲ, ಅದರಲ್ಲಿ ನಾಲ್ಕೈದು ಸಾವಿರವನ್ನು ಮಾತ್ರ ಕಾರ್ಡಿನಲ್ಲಿ ಕೊಟ್ಟು, ಆ ನಗದನ್ನು ಅಂದೇ ಬ್ಯಾಂಕಿನ ಖಾತೆಗೆ ಹಾಕಿಡಿ. ಮಿತಿಯ ಶೇ 30 ದಾಟದಿರುವುದು, ಅಂದರೆ ನಿಮಗೆ 6,000 ರೂಪಾಯಿಯೊಳಗೆ ಇರುವುದು, ಒಳ್ಳೆಯ ರೂಢಿ. ಬಿಲ್ಲಿನ ಪೂರ್ತಿ ಮೊತ್ತ ಖಾತೆಯಿಂದ ತಾನೇ ಕಡಿತವಾಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಟ್ಟುಬಿಡಿ.

‘ಕನಿಷ್ಠ ಮೊತ್ತ’ ಎಂದು ಬಿಲ್ಲಿನಲ್ಲಿ ಮುದ್ರಿಸಿರುವುದನ್ನು ಮಾತ್ರ ಕಟ್ಟುವ ಅಭ್ಯಾಸ ಬೇಡವೇ ಬೇಡ. 20,000 ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಂಡರೆ 700 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 126 ರೂಪಾಯಿ. ನೀವು ಕಟ್ಟಿದ 1,000 ರೂಪಾಯಿಯಲ್ಲಿ ಅಸಲಿಗೆ ಸೇರುವುದು 174 ಮಾತ್ರ! ಮೇಲಾಗಿ ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಟಿಎಮ್ಮಿನಲ್ಲಿ ಈ ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಓಡುತ್ತದೆ.

ಬ್ಯಾಂಕುಗಳು ಸಿಬಿಲ್‌ನಂಥ ಸಂಸ್ಥೆಗಳಿಗೆ ಕನಿಷ್ಠ 15 ದಿನಗಳಿಗೊಮ್ಮೆ ಮಾಹಿತಿ ಕಳುಹಿಸಬೇಕೆಂಬ ನಿಯಮ 2025ರ ಜನವರಿ 1ರಿಂದ ಬಂದಿರುವುದರಿಂದ ಬದಲಾವಣೆ ಮೊದಲಿಗಿಂತ ಬೇಗ ದಾಖಲಾಗುತ್ತದೆ. ಆದರೂ ಹೊಸ ಕಾರ್ಡಿನ ಸಾಲಿನಲ್ಲಿ ಹನ್ನೆರಡು 000ಗಳು ಒಟ್ಟಾಗುವವರೆಗೆ ಮಷೀನಿನ ಸಾಲಕ್ಕೆ ಮತ್ತೆ ಅರ್ಜಿ ಹಾಕಬೇಡಿ. ಇದು ಬೇಸರದ ಸಲಹೆ ಎಂದು ನನಗೆ ಗೊತ್ತು. ಹಬ್ಬದ ಆರ್ಡರು ಬಂದಾಗ ಮಷೀನು ಇಲ್ಲದ ಸಂಕಟವೂ ಗೊತ್ತು. ಆದರೆ ಇನ್ನೊಂದು ತಿರಸ್ಕಾರ ನಿಮ್ಮನ್ನು ಮತ್ತಷ್ಟು ಹಿಂದಕ್ಕೆ ತಳ್ಳುತ್ತದೆ.

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ಭತ್ತ ಬೆಳೆಯುತ್ತೇನೆ. ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರಿಂದ ನನ್ನ ಅಂಕವೂ ಇಳಿದಿದೆ. ನಾನೂ ಠೇವಣಿ ಕಾರ್ಡು ತೆಗೆದುಕೊಳ್ಳಲೇ?
— ರೈತ ಓದುಗರು, ರಾಯಚೂರು ಜಿಲ್ಲೆ

ಉತ್ತರ: ತೆಗೆದುಕೊಳ್ಳದಿರುವುದೇ ಲೇಸು. ಕಾಲುವೆ ನೀರು ನಂಬಿದ ನಿಮಗೆ ದುಡ್ಡು ಬರುವುದು ಸುಗ್ಗಿಯಲ್ಲಿ. ಕಾರ್ಡಿನ ಬಿಲ್ಲು ಬರುವುದು ಪ್ರತಿ ತಿಂಗಳು. ಕೊನೆಯ ದಿನ ಕಳೆದು ಮೂರು ದಿನ ಮೀರಿದರೆ ಬ್ಯಾಂಕು ಅದನ್ನು ಬಾಕಿ ಎಂದು ವರದಿ ಮಾಡಬಹುದು. ದಲ್ಲಾಳಿ ಅಂಗಡಿಯ ಉದ್ರಿಯಂತೆ ಅದು ಸುಗ್ಗಿಯವರೆಗೆ ಕಾಯುವುದಿಲ್ಲ. ನಿಮ್ಮ ಬೆಳೆಸಾಲವೇ ವರದಿಯಲ್ಲಿ ನಿಮ್ಮ ಪರವಾಗಿ ನಿಲ್ಲಬಲ್ಲದು. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ 7 ಬಡ್ಡಿಯಿದ್ದು, ವಾಯಿದೆಯೊಳಗೆ ಕಟ್ಟಿದವರಿಗೆ ಶೇ 3 ರಿಯಾಯಿತಿ ಸಿಗುತ್ತದೆ. ಜಾಮೀನುದಾರನ ವರದಿಯಲ್ಲೂ ಆ ಸಾಲ ಕಾಣಿಸುವುದರಿಂದ, ಅಣ್ಣನವರ ಜೊತೆಯಲ್ಲಿ ಕುಳಿತು ಟ್ರ್ಯಾಕ್ಟರಿನ ತಪ್ಪಿದ ಕಂತುಗಳು ಎಷ್ಟೆಂದು ತಿಳಿದುಕೊಳ್ಳಿ. ಈ ಸಲದ ಭತ್ತದ ಹಣದಲ್ಲಿ ಮೊದಲು ತೀರಬೇಕಾದದ್ದು ಅದೇ.