ಮೂರು ವಾರದ ಕೆಮ್ಮಿಗೆ ಟಿಬಿ ಪರೀಕ್ಷೆ ಮಾಡಿಸಬೇಕಾ?

ಅಪ್ಪನಿಗೆ ಮೂರು ವಾರದಿಂದ ಕೆಮ್ಮು, ಶುಗರ್ ಇದೆ, ಆದರೆ ಜ್ವರ ಇಲ್ಲ, ಕಫದಲ್ಲಿ ರಕ್ತ ಇಲ್ಲ. ಇನ್ನೊಂದು ಸಿರಪ್ ಕುಡಿಸಿ ನೋಡಬಹುದಾ ಅಂತ ಕೇಳಿದ್ದೀರಿ. ಬೇಡ. ನಾಳೆಯೇ ಕಫ ಪರೀಕ್ಷೆಗೆ ಕೊಡಿ. ನಾನು ಶಿರಾ ಕಡೆ ಸರ್ಕಾರಿ ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡುವವನು.

ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಆಗಲೇಬೇಕು. ರಕ್ತ ಬೀಳಲಿ ಅಂತ ಕಾಯಬಾರದು. ಶುಗರ್ ಇದ್ದವರಿಗಂತೂ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ.

ಸಿರಪ್ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ್ದರು. 1963ರಲ್ಲಿ ಅದು ಪ್ರಕಟವಾಯಿತು. ಟಿಬಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅಷ್ಟರಲ್ಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು! ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿ. ಹಳ್ಳಿಯವರು ಆಸ್ಪತ್ರೆಗೇ ಬರಲ್ಲ ಅಂತ ದೂರುವವರಿಗೆ ನಾನು ಇದನ್ನೇ ಹೇಳುವುದು. ಬಂದವರನ್ನು ಕೆಮ್ಮು ಎಷ್ಟು ದಿನದಿಂದ ಅಂತ ಕೇಳಬೇಕಲ್ವಾ? ಗಡಿಬಿಡಿಯಲ್ಲಿ ಈಗಲೂ ಕೆಲವೊಮ್ಮೆ ಕೇಳುವುದಿಲ್ಲ. ಹಾಗಾಗಿ ಅಪ್ಪನ ಶುಗರ್, ಮಂಡಿನೋವಿನ ಮಾತು ಆಮೇಲೆ. ಡಾಕ್ಟರ ಮುಂದೆ ಕೂತ ತಕ್ಷಣ "ಕೆಮ್ಮು ಶುರುವಾಗಿ ಮೂರು ವಾರ ಆಯ್ತು" ಅಂತ ನೀವೇ ಹೇಳಿಬಿಡಿ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ಪರೀಕ್ಷೆ ಉಚಿತ. ಕಫಕ್ಕೆ ಡಬ್ಬಿ ಕೊಡುತ್ತಾರೆ. ಬೆಳಗ್ಗೆ ಎದ್ದ ತಕ್ಷಣದ ಕಫ ಒಳ್ಳೆಯದು. ಬಾಯಿ ಮುಕ್ಕಳಿಸಿ, ಮನೆಯಿಂದ ಹೊರಗೆ ಬಯಲಲ್ಲಿ ನಿಂತು, ಎರಡು ಮೂರು ಸಲ ಉಸಿರು ಪೂರ್ತಿ ಎಳೆದು, ಎದೆಯಿಂದ ಕೆಮ್ಮಿ ತೆಗೆಯಲಿ. ಎಂಜಲು ಬೇಡ. ಎಲೆ ಅಡಿಕೆ ಹಾಕುವವರು ಡಬ್ಬಿ ತುಂಬ ಕೆಂಪು ಎಂಜಲು ತರುತ್ತಾರೆ, ಅದನ್ನು ನೋಡಿ ನೋಡಿ ನನಗೂ ಸಾಕಾಗಿದೆ.

ಟ್ರೂನ್ಯಾಟ್ ಯಂತ್ರದಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿ. ಮೈಕ್ರೋಸ್ಕೋಪ್ ಕಣ್ಣಿಗೆ ಬೀಳದಷ್ಟು ಕಡಿಮೆ ಕ್ರಿಮಿ ಇದ್ದರೂ ಅದು ಹಿಡಿಯಬಲ್ಲದು. ಎಕ್ಸ್‌ರೇಯನ್ನೂ ಬಿಡಬೇಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ ಶೇಕಡ 42ಕ್ಕೂ ಹೆಚ್ಚು ಟಿಬಿ ಪ್ರಕರಣಗಳು ಕೈತಪ್ಪುತ್ತಿದ್ದವು.

ಇನ್ನೊಂದು ಮಾತು. ಮೆಡಿಕಲ್ ಶಾಪ್‌ನಿಂದ ಸುಮ್ನೆ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ. ಲಿವೋಫ್ಲಾಕ್ಸಾಸಿನ್‌ನಂಥ ಮಾತ್ರೆ ಟಿಬಿ ಕ್ರಿಮಿಯನ್ನು ಸ್ವಲ್ಪ ದಿನ ಅಡಗಿಸುತ್ತದೆ. ಕೆಮ್ಮು ಕಡಿಮೆಯಾದಂತೆ ಕಾಣುತ್ತದೆ, ಕಾಯಿಲೆ ಒಳಗೇ ಇರುತ್ತದೆ.

ಟಿಬಿ ಅಂತ ಬಂದರೆ ಔಷಧಿ ಉಚಿತ, ಸಾಮಾನ್ಯವಾಗಿ 6 ತಿಂಗಳು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಆಗ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ರಿಪೋರ್ಟ್ ಬರುವ ತನಕ ಅಪ್ಪ ಗಾಳಿಯಾಡುವ ಕೋಣೆಯಲ್ಲಿ ಮಲಗಲಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇರೆ ಕಡೆ ಮಲಗಿಸಿ.