ಹಡಗು ಹತ್ತುವ ಮುಂಚಿನ ರಾತ್ರಿ ಎಲ್ಲಿ ಉಳಿಯಬೇಕು?

ಕ್ರೂಸ್ ಅಂದರೆ ಹಡಗಿನ ಪ್ರವಾಸದ ಬಗ್ಗೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಕ್ಯಾಬಿನ್ ಎಂಥದ್ದು ತಗೊಳ್ಳಲಿ, ಅಲೆಗೆ ತಲೆಸುತ್ತು ಬಂದರೆ ಏನು ಮಾಡಲಿ ಅನ್ನುವ ಪ್ರಶ್ನೆಗಳೇ ಜಾಸ್ತಿ. ಈ ಸಲ ಹಲವರು ಬೇರೆಯದನ್ನೇ ಕೇಳಿದ್ದೀರಿ. ಹಡಗು ಹೊರಡುವ ಊರಿನಲ್ಲಿ ಹೋಟೆಲ್ ಆರಿಸುವುದು ಹೇಗೆ ಅಂತ. ನನಗೆ ನಿಜಕ್ಕೂ ಖುಷಿಯಾಯಿತು. ಕ್ರೂಸ್ ಹಡಗಿನ ರಿಸೆಪ್ಷನ್ ಕೌಂಟರ್‌ನಲ್ಲಿ ವರ್ಷಗಟ್ಟಲೆ ನಿಂತು ಕೆಲಸ ಮಾಡಿದವಳು ನಾನು. ಮೊದಲ ದಿನ ಹಡಗು ಹತ್ತುವವರ ಮುಖ ನೋಡಿದರೆ ಹಿಂದಿನ ರಾತ್ರಿ ಹೇಗೆ ಕಳೆದಿದೆ ಅಂತ ಗೊತ್ತಾಗುತ್ತಿತ್ತು. ಚೆನ್ನಾಗಿ ಮಲಗಿ ಎದ್ದು ಬಂದವರು ನೇರ ಮೇಲಿನ ಡೆಕ್ಕಿಗೆ ಹೋಗುತ್ತಿದ್ದರು. ಓಡೋಡಿ ಬಂದವರು ಕೂರಲು ಕುರ್ಚಿ ಹುಡುಕುತ್ತಿದ್ದರು.

ಪ್ರಶ್ನೆ: ನಾವು ಗಂಡ ಹೆಂಡತಿ, ಇಬ್ಬರೂ ನಿವೃತ್ತರು. ಹಡಗು ರೋಮ್‌ನಿಂದ ಹೊರಡುತ್ತದೆ ಅಂತ ಟಿಕೆಟ್‌ನಲ್ಲಿದೆ. ಎರಡು ರಾತ್ರಿ ಮುಂಚೆ ಹೋಗುತ್ತೇವೆ. ಬಂದರಿನ ಪಕ್ಕದಲ್ಲೇ ಹೋಟೆಲ್ ಹಿಡಿಯಬೇಕಾ, ಊರೊಳಗೆ ಹಿಡಿಯಬೇಕಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಹಡಗು ರೋಮ್‌ನಲ್ಲಿ ಇರುವುದಿಲ್ಲ. ಅದು ನಿಲ್ಲುವುದು ಚಿವಿತಾವೆಕ್ಯಾ ಅನ್ನುವ ಬೇರೆ ಊರಿನಲ್ಲಿ, ರೋಮ್‌ನಿಂದ ಸುಮಾರು 80 ಕಿಲೋಮೀಟರ್ ದೂರ. ಕಂಪನಿಯವರು ಜನರಿಗೆ ಪರಿಚಯ ಇರುವ ದೊಡ್ಡ ಊರಿನ ಹೆಸರು ಬರೆಯುತ್ತಾರೆ, ಬಂದರಿನ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದು ರೋಮ್ ಒಂದರ ಕತೆಯಲ್ಲ. ಲಂಡನ್ ಅಂತ ಬರೆದಿದ್ದರೆ ಹಡಗು ಬಹುಪಾಲು ಸೌತಾಂಪ್ಟನ್‌ನಲ್ಲಿರುತ್ತದೆ. ಪ್ಯಾರಿಸ್ ಅಂದರೆ ಸುಮಾರು 200 ಕಿಲೋಮೀಟರ್ ಆಚೆಯ ಲ ಹಾವ್ರ್. ಬರ್ಲಿನ್ ಅಂದರೆ ಬಾಲ್ಟಿಕ್ ಸಮುದ್ರದ ದಂಡೆಯ ವಾರ್ನೆಮುಂಡೆ. ಬ್ಯಾಂಕಾಕ್ ಅಂದರೆ ದೊಡ್ಡ ಹಡಗುಗಳಿಗೆ ಲೇಮ್ ಚಬಾಂಗ್. ವೆನಿಸ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಊರಿನ ನಡುವಿನ ಜುದೆಕ್ಕ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ವೆನಿಸ್ ಹೆಸರಿನ ಎಷ್ಟೋ ಪ್ರವಾಸಗಳು ಈಗ ರವೆನ್ನಾದಿಂದ ಶುರುವಾಗುತ್ತವೆ. ಬಸ್ಸಿನಲ್ಲಿ ಎರಡು ತಾಸಿನ ಮೇಲೆ ಬೇಕು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ರಾತ್ರಿ ಇದೆ ಅಲ್ವಾ, ಎರಡನ್ನೂ ರೋಮ್‌ನಲ್ಲೇ ಕಳೆಯಿರಿ. ಅಷ್ಟು ದೂರ ಹೋಗಿ ಬಂದರಿನ ಊರಿನಲ್ಲಿ ಸುಮ್ನೆ ಕೂರುವುದು ಬೇಡ. ಆದರೆ ರೋಮ್‌ನಲ್ಲಿ ಎಲ್ಲಿ ಅನ್ನುವುದು ಮುಖ್ಯ. ಚಿವಿತಾವೆಕ್ಯಾಗೆ ಹೋಗುವ ಸಾದಾ ರೈಲುಗಳು ಟರ್ಮಿನಿ ಎಂಬ ದೊಡ್ಡ ನಿಲ್ದಾಣದಿಂದ ಹೊರಟು ಒಸ್ತಿಯೆನ್ಸೆ, ಟ್ರಾಸ್ಟೆವೆರೆ, ಸಾನ್ ಪಿಯೆತ್ರೊ ನಿಲ್ದಾಣಗಳಲ್ಲೂ ನಿಲ್ಲುತ್ತವೆ. ಎಲ್ಲರೂ ಟರ್ಮಿನಿ ಸುತ್ತಲೇ ಹೋಟೆಲ್ ಹುಡುಕುತ್ತಾರೆ. ನಾನಾದರೆ ಸಾನ್ ಪಿಯೆತ್ರೊ ಹತ್ತಿರ ನೋಡುತ್ತೇನೆ. ನಿಲ್ದಾಣ ಚಿಕ್ಕದು, ಗಲಾಟೆ ಕಡಿಮೆ. ಸಂತ ಪೀಟರ್ ಚರ್ಚಿನ ಚೌಕಕ್ಕೆ ನಡೆದೇ ಹೋಗಬಹುದು. ಹೊರಡುವ ದಿನ ಬೆಳಿಗ್ಗೆ ಇಡೀ ಊರು ದಾಟಬೇಕಾಗಿಲ್ಲ, ರೈಲಿನ ದಾರಿಯೂ ಅಷ್ಟು ಕಡಿಮೆ. ಚಿವಿತಾವೆಕ್ಯಾ ನಿಲ್ದಾಣದಲ್ಲಿ ಇಳಿದ ಮೇಲೆ ಲಾರ್ಗೊ ದೆಲ್ಲಾ ಪಾಚೆ ಎಂಬಲ್ಲಿಗೆ ಬಸ್ಸು, ಅಲ್ಲಿಂದ ಹಡಗಿನ ತನಕ ಬಂದರಿನ ಬಸ್ಸು.

ಎರಡೆರಡು ದೊಡ್ಡ ಸೂಟ್‌ಕೇಸ್ ಇದ್ದರೆ ರೈಲು ಬೇಡ. ಈ ರೈಲಿನಲ್ಲಿ ಸಾಮಾನು ಎತ್ತಿಕೊಡುವವರು ಇರುವುದಿಲ್ಲ, ಮೆಟ್ಟಿಲು ನೀವೇ ಹತ್ತಿಸಬೇಕು. ಕಾರನ್ನೇ ಗೊತ್ತು ಮಾಡಿಕೊಳ್ಳಿ.

ರೋಮ್ ಇರಲಿ, ಬೇರೆ ಊರಿರಲಿ, ನಾನು ಹೋಟೆಲ್ ಹುಡುಕುವ ಕ್ರಮ ಒಂದೇ. ಮೊದಲು ಟರ್ಮಿನಲ್, ಅಂದರೆ ಬಂದರಿನಲ್ಲಿ ಹಡಗು ಹತ್ತಿಸುವ ಕಟ್ಟಡದ ಹೆಸರು, ಆಮೇಲೆ ದಾರಿ, ಕೊನೆಗೆ ಹೋಟೆಲ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಬಂದರು ಊರೊಳಗೇ ಇದ್ದರೂ ಟರ್ಮಿನಲ್ ಯಾವುದು ಅಂತ ನೋಡಲೇಬೇಕು. ಸಿಂಗಾಪುರದಲ್ಲಿ ಎರಡಿವೆ, ಒಂದು ಮರೀನಾ ಬೇ ಕಡೆ, ಇನ್ನೊಂದು ಹಾರ್ಬರ್‌ಫ್ರಂಟ್‌ನಲ್ಲಿ. ಸಿಡ್ನಿಯಲ್ಲಿ ಒಪೆರಾ ಹೌಸ್ ಎದುರಿನ ಸರ್ಕ್ಯುಲರ್ ಕೀ ಟರ್ಮಿನಲ್ ಆದರೆ ರೈಲು ಇಳಿದು ನಡೆದುಕೊಂಡೇ ಹೋಗಬಹುದು. ಅದೇ ಹಾರ್ಬರ್ ಬ್ರಿಜ್ ಆಚೆಯ ವೈಟ್ ಬೇ ಆದರೆ ರೈಲೇ ಇಲ್ಲ, ಟ್ಯಾಕ್ಸಿಯೇ ಗತಿ. ಒಂದೇ ಊರು, ಒಂದೇ ಹೋಟೆಲ್, ಆದರೂ ಬೆಳಗಿನ ಪಾಡು ಬೇರೆ ಬೇರೆ. ಬಂದರಿನ ಹೆಸರಿನ ಜೊತೆ ಟರ್ಮಿನಲ್ ಹೆಸರು ಹಡಗಿನ ಬೋರ್ಡಿಂಗ್ ಪಾಸ್‌ನಲ್ಲಿ ಇರುತ್ತದೆ. ಹೊರಡುವ ಹಿಂದಿನ ವಾರ ಇನ್ನೊಂದು ಸಲ ನೋಡಿ, ಬದಲಾಗುವುದುಂಟು. ಅದಕ್ಕೇ ದುಡ್ಡು ವಾಪಸ್ ಬಾರದ ಬುಕಿಂಗ್ ನಾನು ಯಾರಿಗೂ ಹೇಳುವುದಿಲ್ಲ. ನಾಲ್ಕು ಕಾಸು ಜಾಸ್ತಿಯಾದರೂ ರದ್ದು ಮಾಡಲು ಬರುವಂಥದ್ದೇ ಇರಲಿ.

ಪ್ರಶ್ನೆ: ನಮ್ಮ ವಿಮಾನ ಬೆಳಿಗ್ಗೆ ಒಂಬತ್ತಕ್ಕೆ ಇಳಿಯುತ್ತದೆ. ಹಡಗು ಹೊರಡುವುದು ಅದೇ ದಿನ ಸಂಜೆ ಐದಕ್ಕೆ. ಎಂಟು ತಾಸು ಕೈಯಲ್ಲಿದೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಸಬಹುದಲ್ವಾ ಮೇಡಂ?

ಉತ್ತರ: ಉಳಿಸಬೇಡಿ. ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಐದಕ್ಕೆ ಹೊರಡುವ ಹಡಗಿಗೆ ಐದರ ತನಕ ಹತ್ತಬಹುದು ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಒಂದು ತಾಸು ಅಥವಾ ಒಂದೂವರೆ ತಾಸು ಮುಂಚೆ ಚೆಕ್‌ಇನ್ ಮುಚ್ಚುತ್ತಾರೆ. ಅಂದರೆ ನಾಲ್ಕಕ್ಕೆ, ಇಲ್ಲವೇ ಮೂರೂವರೆಗೇ. ವಿಮಾನ ಇಳಿದು, ಇಮಿಗ್ರೇಷನ್ ಸಾಲು ದಾಟಿ, ಬೆಲ್ಟ್‌ನಲ್ಲಿ ಸೂಟ್‌ಕೇಸ್ ಬರುವಷ್ಟರಲ್ಲಿ ಹನ್ನೊಂದು. ಬಂದರು ದೂರವಿದ್ದರೆ ಇನ್ನೆರಡು ತಾಸು. ಈಗ ಲೆಕ್ಕ ಹಾಕಿ, ವಿಮಾನ ಎಷ್ಟು ತಡವಾದರೆ ನಿಮಗೆ ತಡೆದುಕೊಳ್ಳಲು ಆಗುತ್ತದೆ? ನಡುವೆ ಇನ್ನೊಂದು ವಿಮಾನ ಬದಲಾಯಿಸುವುದಿದ್ದರಂತೂ ಕೇಳುವುದೇ ಬೇಡ.

ಹಡಗು ಕಾಯುವುದಿಲ್ಲ. ಬಂದರು ಬಿಡುವ ಸಮಯ, ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಬರುವ ಸಮಯ, ಉಬ್ಬರ ಇಳಿತ ಎಲ್ಲ ಮೊದಲೇ ನಿಗದಿಯಾಗಿರುತ್ತದೆ. ಗ್ಯಾಂಗ್‌ವೇ, ಅಂದರೆ ಹಡಗು ಹತ್ತುವ ಓಡಾಟದ ಸೇತುವೆ, ಎತ್ತಿದ ಮೇಲೆ ಕಟ್ಟೆಯ ಮೇಲೆ ಟ್ರಾಲಿ ತಳ್ಳಿಕೊಂಡು ಓಡಿಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಡಗಿಗೂ ಕಟ್ಟೆಗೂ ನಡುವೆ ಆಗ ಇದ್ದದ್ದು ಒಂದು ಆಳುದ್ದದ ನೀರು, ಅಷ್ಟೇ. ಅವರಲ್ಲಿ ಒಬ್ಬ ಹೆಂಗಸು ಕೈಯಲ್ಲಿದ್ದ ಕಾಗದ ಎತ್ತಿ ತೋರಿಸುತ್ತಿದ್ದರು. ಮೇಲಿದ್ದ ನಮಗೆ ಏನೂ ಮಾಡಲು ಆಗಲಿಲ್ಲ.

"ಮುಂದಿನ ಬಂದರಿನಲ್ಲಿ ಹತ್ತಿಕೊಂಡರಾಯಿತು" ಅನ್ನುವವರಿದ್ದಾರೆ. ಕೆಲವು ಕಡೆ ಆಗುತ್ತದೆ, ಸ್ವಂತ ಖರ್ಚಿನಲ್ಲಿ. ಅಮೆರಿಕದಲ್ಲಿ ಬಹಳ ಸಲ ಅದೂ ಆಗುವುದಿಲ್ಲ. ಅಲ್ಲಿ 1886ರ ಒಂದು ಕಾನೂನು ಇದೆ. ಬೇರೆ ದೇಶದ ಬಾವುಟ ಹಾರಿಸುವ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಇನ್ನೊಂದು ಅಮೆರಿಕದ ಬಂದರಿನಲ್ಲಿ ಇಳಿಸುವಂತಿಲ್ಲ. ದೂರದ ವಿದೇಶಿ ಬಂದರು ನಡುವೆ ಬಂದರೆ ಮಾತ್ರ ಬಿಡುತ್ತಾರೆ. ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು. ಹಾಗಾಗಿ ಸಿಯಾಟಲ್‌ನಲ್ಲಿ ಅಲಾಸ್ಕಾದ ಹಡಗು ತಪ್ಪಿದರೆ, ವಿಮಾನ ಹಿಡಿದು ಅಲಾಸ್ಕಾದ ಜೂನೋ ಬಂದರಿನಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುತ್ತೇನೆ ಅಂದರೆ ಕಾನೂನು ಅಡ್ಡ ಬರುತ್ತದೆ.

ಒಂದು ರಾತ್ರಿ ಮುಂಚೆ ಹೋದರೆ ಇನ್ನೊಂದು ಲಾಭ ಇದೆ. ವಿಮಾನದಲ್ಲಿ ಸೂಟ್‌ಕೇಸ್ ತಪ್ಪಿಹೋದರೆ ಅದು ಮರುದಿನ ಹೋಟೆಲ್‌ಗೆ ಬಂದು ಸೇರುವ ಸಾಧ್ಯತೆ ಇರುತ್ತದೆ. ನೀವು ಆಗಲೇ ಹಡಗಿನಲ್ಲಿದ್ದರೆ ಅದು ನಿಮ್ಮನ್ನು ಬಂದರಿನಿಂದ ಬಂದರಿಗೆ ಅಟ್ಟಿಸಿಕೊಂಡು ಬರಬೇಕು.

ವಿಮಾನ ನಡುರಾತ್ರಿ ಇಳಿಯುವುದಾದರೆ ಮಾತ್ರ ಊರಿನ ಆಸೆ ಬಿಡಿ. ಏರ್‌ಪೋರ್ಟ್ ಹತ್ತಿರವೇ ಮಲಗಿ ಬೆಳಿಗ್ಗೆ ಬಂದರಿಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಜೊತೆಗೆ ನಾವಿಬ್ಬರು, ಎರಡು ಮಕ್ಕಳು. ಬಾರ್ಸಿಲೋನಾದಿಂದ ಹೊರಡುತ್ತೇವೆ. ಹೋಟೆಲ್‌ನಲ್ಲಿ ಏನೇನು ನೋಡಬೇಕು?

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಅಮ್ಮನನ್ನು ಕರೆದುಕೊಂಡು ಹೊರಟಿದ್ದೀರಲ್ಲ, ಬಹಳ ಸಂತೋಷ. ಇಲ್ಲಿ ಸ್ಟಾರ್ ಎಷ್ಟು ಅನ್ನುವುದಕ್ಕಿಂತ ಬಾಗಿಲಿನಿಂದ ಹಾಸಿಗೆ ತನಕದ ದಾರಿ ಮುಖ್ಯ.

ಬಾರ್ಸಿಲೋನಾದ ಹಳೆ ಊರಿನ ಓಣಿಗಳು ನೋಡಲು ಚೆಂದ. ಆದರೆ ಕೆಲವು ಓಣಿಯೊಳಗೆ ಟ್ಯಾಕ್ಸಿ ಹೋಗುವುದಿಲ್ಲ. ಓಣಿಯ ಬಾಯಲ್ಲಿ ಇಳಿಸಿ ಹೋಗುತ್ತಾರೆ, ಅಲ್ಲಿಂದ ಹೋಟೆಲ್ ತನಕ ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯಬೇಕು. ಅಮ್ಮನ ಮಂಡಿಗೆ ಅದು ಆಗದು. ಹಾಗಾಗಿ ಹೋಟೆಲ್ ಬಾಗಿಲ ಮುಂದೆ ಗಾಡಿ ನಿಲ್ಲುತ್ತದಾ ಅಂತ ಮೊದಲು ಕೇಳಿ. ಮ್ಯಾಪ್‌ನಲ್ಲಿ ಆ ರಸ್ತೆಯ ಫೋಟೊ ಕೂಡ ನೋಡಬಹುದು.

ಎರಡನೆಯದು ಲಿಫ್ಟ್. "ಲಿಫ್ಟ್ ಇದೆ" ಅಂತ ಬರೆದಿರುತ್ತಾರೆ. ಹಳೆ ಕಟ್ಟಡಗಳಲ್ಲಿ ಬೀದಿ ಬಾಗಿಲಿನಿಂದ ಆರೇಳು ಮೆಟ್ಟಿಲು ಹತ್ತಿದ ಮೇಲೆ ಆ ಲಿಫ್ಟ್ ಶುರುವಾಗುತ್ತದೆ. ಒಳಗೆ ಇಬ್ಬರು ನಿಂತರೆ ಸೂಟ್‌ಕೇಸ್‌ಗೆ ಜಾಗ ಇರುವುದಿಲ್ಲ. "ಬೀದಿಯಿಂದ ಲಿಫ್ಟ್ ತನಕ ಎಷ್ಟು ಮೆಟ್ಟಿಲು?" ಅಂತ ಬರೆದು ಕೇಳಿ. ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಮೂರನೆಯದು ಬಚ್ಚಲು. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಇದೇ ದೊಡ್ಡದು. ಎಷ್ಟೋ ಹೋಟೆಲ್‌ಗಳಲ್ಲಿ ಶವರ್ ಇರುವುದು ಬಾತ್‌ಟಬ್ ಒಳಗೆ. ಮೊಣಕಾಲೆತ್ತರದ ಅಂಚು ದಾಟಿ ನುಣ್ಣನೆಯ ಟಬ್ ಒಳಗೆ ಕಾಲಿಡಬೇಕು, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹಡಗು ಹತ್ತುವ ದಿನ ಬೆಳಿಗ್ಗೆ ಅಲ್ಲಿ ಜಾರಿದರೆ ಎಲ್ಲ ಮುಗಿಯಿತು. ಪ್ರತ್ಯೇಕ ಶವರ್, ನೆಲಮಟ್ಟದ್ದು, ಗೋಡೆಗೆ ಹಿಡಿಕೆ ಇರುವಂಥದ್ದು ಬೇಕು ಅಂತ ಸ್ಪಷ್ಟವಾಗಿ ಹೇಳಿ.

ಐದು ಜನಕ್ಕೆ ಒಂದೇ ರೂಮು ಸಿಗುವುದು ಕಷ್ಟ. ಒಂದು ರೂಮಿಗೆ ಇಷ್ಟೇ ಜನ ಅಂತ ಯುರೋಪಿನಲ್ಲಿ ಕಟ್ಟುನಿಟ್ಟು. ಹೋದ ಮೇಲೆ ಹಾಸಿಗೆ ಹಾಕಿಸಿಕೊಳ್ಳೋಣ ಅಂದರೆ ಒಪ್ಪುವುದಿಲ್ಲ. ನಡುವೆ ಬಾಗಿಲಿರುವ ಎರಡು ರೂಮು ಕೇಳಿ, ಅಮ್ಮನ ಜೊತೆ ಒಂದು ಮಗು ಮಲಗಲಿ. ಟ್ಯಾಕ್ಸಿಯೂ ಅಷ್ಟೇ. ಐದು ಜನ, ಐದು ಸೂಟ್‌ಕೇಸ್ ಸಾದಾ ಕಾರಿನಲ್ಲಿ ಹಿಡಿಯುವುದಿಲ್ಲ. ವ್ಯಾನ್ ಬೇಕು ಅಂತ ರಿಸೆಪ್ಷನ್‌ನಲ್ಲಿ ಹಿಂದಿನ ರಾತ್ರಿಯೇ ಹೇಳಿಡಿ. ರಾಂಬ್ಲಾ ಬೀದಿಯ ತುದಿಯ ಕೊಲಂಬಸ್ ಕಂಬ ಕಂಡರೆ ಬಂದರು ಬಂದೇಬಿಟ್ಟಿತು ಅನ್ನಿಸುತ್ತದೆ. ಆದರೆ ದೊಡ್ಡ ಹಡಗುಗಳು ನಿಲ್ಲುವ ಆದೊಸ್ಸಾತ್ ಕಟ್ಟೆ ಸೇತುವೆ ದಾಟಿ ಇನ್ನೂ ಮುಂದಿದೆ. ಅಮ್ಮನನ್ನು ನಡೆಸಿಕೊಂಡು ಹೋಗುವ ಯೋಚನೆ ಮಾಡಬೇಡಿ. ಟರ್ಮಿನಲ್‌ನಲ್ಲಿ ವೀಲ್‌ಚೇರ್ ಬೇಕಿದ್ದರೆ ಕ್ರೂಸ್ ಕಂಪನಿಗೆ ಮೊದಲೇ ತಿಳಿಸಿ. ಮುಜುಗರ ಬೇಡ, ದಿನಾ ಎಷ್ಟೋ ಜನ ಕೇಳುತ್ತಾರೆ.

ಪ್ರಶ್ನೆ: ಕ್ರೂಸ್ ಕಂಪನಿಯವರೇ ಹೋಟೆಲ್ ಮತ್ತು ಬಸ್ಸು ಸೇರಿಸಿ ಪ್ಯಾಕೇಜ್ ಕೊಡುತ್ತಿದ್ದಾರೆ. ನಾವೇ ಬುಕ್ ಮಾಡಿದರೆ ಅಗ್ಗ. ಯಾವುದು ಸರಿ?

ಉತ್ತರ: ಬಂದರು ಊರಿಗೆ ಹತ್ತಿರವಿದ್ದರೆ ನೀವೇ ಮಾಡಿಕೊಳ್ಳಿ. ವ್ಯಾಂಕೂವರ್ ತಗೊಳ್ಳಿ, ಹಡಗು ನಿಲ್ಲುವ ಕೆನಡಾ ಪ್ಲೇಸ್ ಊರಿನ ನಟ್ಟನಡುವೆ ಇದೆ. ಏರ್‌ಪೋರ್ಟ್‌ನಿಂದ ನೇರ ರೈಲು ಅದರ ಪಕ್ಕದ ವಾಟರ್‌ಫ್ರಂಟ್ ನಿಲ್ದಾಣಕ್ಕೇ ಬರುತ್ತದೆ. ಅಲ್ಲಿ ಪ್ಯಾಕೇಜ್ ಯಾಕೆ? ವೆನಿಸ್ ಅಂತ ಹೇಳಿ ರವೆನ್ನಾದಲ್ಲಿ ಹತ್ತಿಸುವ ಪ್ರವಾಸ ಆದರೆ ಕಂಪನಿಯ ಬಸ್ಸಿಗೆ ಬೆಲೆಯಿದೆ. ಬಸ್ಸಿಗೆ ಮಾತ್ರ ಟಿಕೆಟ್ ಕೊಡುತ್ತಾರಾ ಕೇಳಿ, ಹೋಟೆಲ್ ನಿಮ್ಮದೇ ಇರಲಿ. ಬೆಲೆ ಹೋಲಿಸುವಾಗ ಊರಿನ ಪ್ರವಾಸಿ ತೆರಿಗೆ ಮರೆಯಬೇಡಿ. ರೋಮ್, ಬಾರ್ಸಿಲೋನಾದಂಥ ಊರುಗಳಲ್ಲಿ ಅದನ್ನು ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ವಸೂಲಿ ಮಾಡುತ್ತಾರೆ.

ಹೋಟೆಲ್‌ನವರು "ಬಂದರಿಗೆ ಉಚಿತ ಬಸ್ಸು" ಅಂತ ಬರೆದಿದ್ದರೆ ಎಷ್ಟು ಗಂಟೆಗೆ, ಸೀಟು ಮೊದಲೇ ಹೇಳಬೇಕಾ, ಯಾವ ಟರ್ಮಿನಲ್‌ಗೆ ಅಂತ ಕೇಳಿ.

ಪ್ರಶ್ನೆ: ಸಮುದ್ರ ಕಾಣುವ ರೂಮು ತಗೊಳ್ಳಲಾ?

ಉತ್ತರ: ಬೇಡ. ಮರುದಿನದಿಂದ ನಿಮಗೆ ಕಾಣುವುದೆಲ್ಲ ಸಮುದ್ರವೇ. ಆ ದುಡ್ಡಿನಲ್ಲಿ ಸದ್ದಿಲ್ಲದ ರೂಮು ತಗೊಳ್ಳಿ, ರಸ್ತೆಯ ಕಡೆ ಅಲ್ಲದ್ದು, ಲಿಫ್ಟ್ ಪಕ್ಕದ್ದಲ್ಲದ್ದು.

ಪ್ರಶ್ನೆ: ಹೋಟೆಲ್ ಹನ್ನೊಂದಕ್ಕೆ ಖಾಲಿ ಮಾಡಬೇಕು. ಹಡಗು ಹತ್ತಲು ನಮಗೆ ಕೊಟ್ಟ ಸಮಯ ಎರಡು ಗಂಟೆ. ನಡುವೆ ಸಾಮಾನು ಏನು ಮಾಡುವುದು?

ಉತ್ತರ: ಹೋಟೆಲ್‌ನಲ್ಲೇ ಬಿಡಿ. ರೂಮು ಖಾಲಿ ಮಾಡಿದ ಮೇಲೂ ಬಹುತೇಕ ಹೋಟೆಲ್‌ಗಳು ಸಂಜೆ ತನಕ ಸಾಮಾನು ಇಟ್ಟುಕೊಳ್ಳುತ್ತವೆ. ಸಣ್ಣ ಅಪಾರ್ಟ್‌ಮೆಂಟ್ ಬಾಡಿಗೆಗೆ ತಗೊಂಡರೆ ಈ ಅನುಕೂಲ ಸಿಗುವುದು ಕಷ್ಟ, ಅದಕ್ಕೇ ಹಡಗಿನ ಮುಂಚಿನ ರಾತ್ರಿಗೆ ನಾನು ರಿಸೆಪ್ಷನ್ ಇರುವ ಹೋಟೆಲ್ಲನ್ನೇ ಹೇಳುವುದು.

ಹಡಗಿನವರು ಕಳಿಸಿದ ಲಗೇಜ್ ಟ್ಯಾಗ್ ಹಿಂದಿನ ರಾತ್ರಿಯೇ ಹೋಟೆಲ್‌ನಲ್ಲಿ ಪ್ರಿಂಟ್ ಮಾಡಿಸಿ. ಸೂಟ್‌ಕೇಸಿನ ಹಿಡಿಕೆಗೆ ಸುತ್ತಿ, ಸ್ಟೇಪ್ಲರ್ ಹೊಡೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಬರೀ ಕಾಗದ ಮಳೆಗೆ ಹರಿದುಹೋಗುತ್ತದೆ. ಕ್ಯಾಬಿನ್ ನಂಬರ್ ಇಲ್ಲದ ಸೂಟ್‌ಕೇಸ್‌ಗಳು ಸಂಜೆ ನಮ್ಮ ಕೌಂಟರ್ ಹಿಂದೆ ಸಾಲಾಗಿ ನಿಂತಿರುತ್ತಿದ್ದವು. ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್‌ಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವುದು ಸಂಜೆಯಾಗಬಹುದು. ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ, ಮಕ್ಕಳ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಮಾಡುವುದಿದ್ದರೆ ಅದನ್ನೂ ಹೋಟೆಲ್‌ನಲ್ಲೇ ಮುಗಿಸಿಬಿಡಿ. ಬೆಂಕಿಯ ಭಯಕ್ಕೆ ಇಸ್ತ್ರಿಪೆಟ್ಟಿಗೆಯನ್ನು ಹಡಗಿನೊಳಗೆ ಬಿಡುವುದಿಲ್ಲ.

ಮತ್ತೆ, ಪಾಸ್‌ಪೋರ್ಟನ್ನು ಹೋಟೆಲ್ ರೂಮಿನ ಲಾಕರಿನಲ್ಲಿ ಇಟ್ಟರೆ ಮರುದಿನ ಹಾಕಿಕೊಳ್ಳುವ ಚಪ್ಪಲಿಯ ಒಂದು ಕಾಲನ್ನೂ ಅದರೊಳಗೇ ಇಡಿ. ಲಾಕರ್ ತೆಗೆಯದೆ ನೀವು ರೂಮಿನಿಂದ ಹೊರಡಲು ಆಗುವುದಿಲ್ಲ.