ಮಾತ್ರೆಯೊಳಗೆ ಏನಿದೆ? ಔಷಧದ ಶುದ್ಧತೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಾವನವರು ಬಿ.ಪಿ.ಗೆ ವಲ್ಸಾರ್ಟಾನ್ ಮಾತ್ರೆ ತಗೊಳ್ತಾರೆ. ಕೆಲವು ವರ್ಷಗಳ ಹಿಂದೆ ಇದರಲ್ಲಿ ಕ್ಯಾನ್ಸರ್ ತರುವ ವಸ್ತು ಸಿಕ್ಕಿತೆಂದು ಓದಿದ್ದೆ. ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿಯೇ ಮಾರುಕಟ್ಟೆಗೆ ಬಿಡುತ್ತಾರಲ್ಲ, ಹಾಗಿದ್ದೂ ಅದು ಕಣ್ತಪ್ಪಿದ್ದು ಹೇಗೆ? — ಗೃಹಿಣಿ, ದಾವಣಗೆರೆ

ಉತ್ತರ: ಪರೀಕ್ಷೆ ನಡೆದಿತ್ತು, ಆದರೆ ಆ ಪರೀಕ್ಷೆ ಹುಡುಕುತ್ತಿದ್ದುದೇ ಬೇರೆ. ಚೀನಾದ ಒಂದು ಕಾರ್ಖಾನೆ ವಲ್ಸಾರ್ಟಾನ್ ತಯಾರಿಯ ಒಂದು ಹಂತವನ್ನು ಬದಲಿಸಿತ್ತು. ಹೊಸ ವಿಧಾನದಲ್ಲಿ ದ್ರಾವಕವಾಗಿ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಇತ್ತು. ಕೊನೆಗೆ ಉಳಿದ ಅಝೈಡ್ ಎಂಬ ವಿಷಕಾರಿ ರಾಸಾಯನಿಕವನ್ನು ನಾಶಮಾಡಲು ಸೋಡಿಯಂ ನೈಟ್ರೈಟ್ ಹಾಕುತ್ತಿದ್ದರು. ಡಿಎಂಎಫ್‌ನಿಂದ ಒಂದಿಷ್ಟು ಡೈಮೀಥೈಲ್ ಅಮೀನ್ ಬಿಡುಗಡೆಯಾಗುತ್ತದೆ, ನೈಟ್ರೈಟ್ ಆಮ್ಲದಲ್ಲಿ ನೈಟ್ರಸ್ ಆಮ್ಲವಾಗುತ್ತದೆ. ಇವೆರಡೂ ಕೂಡಿದರೆ ನೀವು ಓದಿದ ಆ ಕ್ಯಾನ್ಸರ್ ತರುವ ವಸ್ತು, ಎನ್‌ಡಿಎಂಎ ಎಂಬ ನೈಟ್ರೋಸಮೀನ್ ಹುಟ್ಟುತ್ತದೆ. ಅದು ಬೆಳಕಿಗೆ ಬಂದು ಮಾತ್ರೆಗಳನ್ನು ವಾಪಸ್ ಪಡೆಯುವುದು ಶುರುವಾದದ್ದು 2018ರ ಜುಲೈನಲ್ಲಿ.

ದ್ರಾವಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ ಘಟಕಗಳನ್ನು ಬೇರ್ಪಡಿಸುವ ದಿನನಿತ್ಯದ ಎಚ್‌ಪಿಎಲ್‌ಸಿ ಪರೀಕ್ಷೆ ಶೇ. 0.05ರಷ್ಟಿರುವ ಕಲ್ಮಶವನ್ನು ವರದಿ ಮಾಡುವ ಮಟ್ಟದ್ದು, ಅಂದರೆ 500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 500 ಪಾಲು). ಎನ್‌ಡಿಎಂಎಗೆ ಇಟ್ಟ ಮಿತಿ ದಿನಕ್ಕೆ 96 ನ್ಯಾನೋಗ್ರಾಂ. ದಿನದ ಗರಿಷ್ಠ ಡೋಸ್ 320 ಮಿ.ಗ್ರಾಂ.ನಿಂದ ಭಾಗಿಸಿದರೆ 0.3 ಪಿಪಿಎಂ ಬರುತ್ತದೆ. ಸಾವಿರದಾರುನೂರು ಪಟ್ಟು ಸಣ್ಣದನ್ನು ಆ ಜರಡಿ ಹಿಡಿಯುವುದಿಲ್ಲ. ಅದೂ ಅಲ್ಲದೆ, ಈ ಪುಟ್ಟ ಅಣು ಕಾಲಮ್‌ನಲ್ಲಿ ಹೆಚ್ಚು ಹೊತ್ತು ನಿಲ್ಲದೆ ದ್ರಾವಕದ ಜೊತೆಗೇ ಹೊರಬಂದುಬಿಡುತ್ತದೆ. ಅಣುವಿನ ತೂಕವನ್ನೇ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾದದ್ದು ಇಲ್ಲಿ. ಆದರೆ ಅದಕ್ಕೂ ಏನನ್ನು ಹುಡುಕಬೇಕೆಂದು ಮೊದಲು ಯಾರಾದರೂ ರಸಾಯನಶಾಸ್ತ್ರ ಕೂತು ಯೋಚಿಸಿರಬೇಕು.

ದಯವಿಟ್ಟು ಮಾವನವರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿ.ಪಿ. ಮಾತ್ರೆ ಹಠಾತ್ತನೆ ಬಿಡುವುದು ತಕ್ಷಣದ ಅಪಾಯ. ಅನುಮಾನವಿದ್ದರೆ ಬೇರೆ ಮಾತ್ರೆಗೆ ಬದಲಿಸಬೇಕೇ ಎಂದು ವೈದ್ಯರನ್ನೇ ಕೇಳಿ.

ಪ್ರಶ್ನೆ: ಮೆಟ್‌ಫಾರ್ಮಿನ್ ಮಾತ್ರೆಯ ಒಂದೇ ಬ್ಯಾಚಿಗೆ ನಮ್ಮ ಲ್ಯಾಬಿನಲ್ಲಿ ಎನ್‌ಡಿಎಂಎ ಮಿತಿಗಿಂತ ಹೆಚ್ಚು ಬಂದಿದೆ, ಇನ್ನೊಂದು ಲ್ಯಾಬಿನಲ್ಲಿ ಏನೂ ಇಲ್ಲ. ಎರಡೂ ಕಡೆ ಎಲ್‌ಸಿ-ಎಂಎಸ್ (ಕಾಲಮ್‌ಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್) ಇದೆ. ಯಾರದು ಸರಿ? — ವಿಶ್ಲೇಷಕ, ಜಿಗಣಿ

ಉತ್ತರ: ಮೊದಲು ಡಿಎಂಎಫ್ ಮೇಲೆ ಅನುಮಾನಪಡಿ. ಎನ್‌ಡಿಎಂಎಯ ಪ್ರೋಟಾನ್ ಸೇರಿದ ಅಯಾನು ಎಂ/ಝಡ್ (ಅಯಾನಿನ ತೂಕ ಮತ್ತು ವಿದ್ಯುದಂಶದ ಅನುಪಾತ) 75.0553ರಲ್ಲಿ ಕಾಣುತ್ತದೆ. ಡಿಎಂಎಫ್ 74.0600ರಲ್ಲಿ. ಬೇರೆ ಬೇರೆ ಎನಿಸುತ್ತದೆ, ಆದರೆ ಡಿಎಂಎಫ್‌ನ ನೈಟ್ರೋಜನ್-15 ಐಸೋಟೋಪ್ (ಒಂದು ಮಾನ ಹೆಚ್ಚು ತೂಕದ ರೂಪ) 75.0570ಕ್ಕೂ, ಕಾರ್ಬನ್-13 ಐಸೋಟೋಪ್ 75.0634ಕ್ಕೂ ಬಂದು ಕೂರುತ್ತವೆ. ಟ್ರಿಪಲ್ ಕ್ವಾಡ್ರುಪೋಲ್ ಎಂಬ ಬಗೆಯ ಮಾಸ್ ಯಂತ್ರದ ಮೊದಲ ಸೋಸುವಿಕೆಗೆ ಈ ಮೂರೂ ಒಂದೇ 75. ಹೈ-ರೆಸಲ್ಯೂಶನ್ ಯಂತ್ರದಲ್ಲೂ 0.0017 ವ್ಯತ್ಯಾಸವನ್ನು ಬಿಡಿಸಲು 44,000ಕ್ಕಿಂತ ಹೆಚ್ಚಿನ ರೆಸಲ್ಯೂಶನ್ ಬೇಕು, ಜೊತೆಗೆ ಮಾಸ್ ವಿಂಡೋ (ಒಪ್ಪಿಕೊಳ್ಳುವ ತೂಕದ ವ್ಯಾಪ್ತಿ) ಬಿಗಿಯಾಗಿರಬೇಕು. 15 ಪಿಪಿಎಂನ ಸಡಿಲ ವಿಂಡೋ ಇಟ್ಟರೆ, ಎರಡು ಪೀಕ್ ಬೆರೆತು ನಡುವೆ ನಿಂತಾಗ ಅದನ್ನೇ ಎನ್‌ಡಿಎಂಎ ಎಂದು ಓದಿಬಿಡುತ್ತೀರಿ.

ಲೆಕ್ಕ ಹಾಕಿ ನೋಡಿ. ನೈಟ್ರೋಜನ್-15ರ ಪಾಲು ಶೇ. 0.37. ಮಾತ್ರೆಯಲ್ಲಿ ಡಿಎಂಎಫ್ 100 ಪಿಪಿಎಂ ಉಳಿದಿದ್ದರೂ ಸಾಕು (ಅದಕ್ಕೆ 880 ಪಿಪಿಎಂವರೆಗೆ ಅವಕಾಶವಿದೆ), 0.37 ಪಿಪಿಎಂನಷ್ಟು ಸುಳ್ಳು ಸಂಕೇತ ಬರಬಹುದು. ದಿನಕ್ಕೆ 2,000 ಮಿ.ಗ್ರಾಂ. ಡೋಸಿಗೆ ಎನ್‌ಡಿಎಂಎ ಮಿತಿ 0.048 ಪಿಪಿಎಂ. ಸುಳ್ಳೇ ಮಿತಿಯ ಏಳೆಂಟು ಪಟ್ಟು! 2020ರಲ್ಲಿ ಅಮೆರಿಕದ ಎಫ್‌ಡಿಎ, ಮೆಟ್‌ಫಾರ್ಮಿನ್ ಬಗ್ಗೆ ಒಂದು ಖಾಸಗಿ ಪ್ರಯೋಗಾಲಯ ಕೊಟ್ಟ ಅಂಕಿಗಳನ್ನು ಮರುಪರೀಕ್ಷಿಸಿದಾಗ ಕಂಡದ್ದೂ ಇದನ್ನೇ.

ನೀವು ಮಾಡಬೇಕಾದದ್ದು ಇಷ್ಟು. ಅದೇ ರನ್‌ನಲ್ಲಿ 74.0600ರ ಟ್ರೇಸ್ ತೆಗೆಯಿರಿ. ಎನ್‌ಡಿಎಂಎ ಎಂದುಕೊಂಡ ಪೀಕ್ ಅದೇ ಕ್ಷಣದಲ್ಲಿ, ಅದೇ ಆಕಾರದಲ್ಲಿ ಬಂದಿದ್ದರೆ ಅದು ಡಿಎಂಎಫ್. ಬರೀ ಡಿಎಂಎಫ್ ಒಂದನ್ನೇ ಇಂಜೆಕ್ಟ್ ಮಾಡಿ ಖಚಿತಪಡಿಸಿಕೊಳ್ಳಿ. ಆಮೇಲೆ ಗ್ರೇಡಿಯೆಂಟ್ ನಿಧಾನ ಮಾಡಿ ಅಥವಾ ಕಾಲಮ್ ಬದಲಿಸಿ ಎರಡನ್ನೂ ಸಮಯದಲ್ಲೇ ಬೇರ್ಪಡಿಸಿ. ರೆಸಲ್ಯೂಶನ್ ಒಂದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಇದು ಗಟ್ಟಿ ದಾರಿ. ಡ್ಯುಟೀರಿಯಂ ಸೇರಿಸಿದ ಎನ್‌ಡಿಎಂಎ-ಡಿ6ನ್ನು (ಎಂ/ಝಡ್ 81.093) ಒಳಮಾನಕವಾಗಿ ಹಾಕಿ. ಅದರ ಸಮಯಕ್ಕೂ ನಿಮ್ಮ ಪೀಕ್‌ನ ಸಮಯಕ್ಕೂ ಸ್ಪಷ್ಟ ಅಂತರವಿದ್ದರೆ ಆ ಪೀಕನ್ನು ಎನ್‌ಡಿಎಂಎ ಎಂದು ಕರೆಯಬೇಡಿ.

ಮಾದರಿ ತಯಾರಿಯಲ್ಲೂ ಎಚ್ಚರ ಬೇಕು. ಮಿ.ಲೀ.ಗೆ 100 ಮಿ.ಗ್ರಾಂ. ಔಷಧ ಬರುವಂತೆ ಪುಡಿಯನ್ನು ಮೆಥನಾಲ್‌ಗೆ ಹಾಕಿ, ಶೇಕರ್ ಮೇಲೆ 40 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ. 0.22 ಮೈಕ್ರಾನ್ ಪಿವಿಡಿಎಫ್ ಫಿಲ್ಟರಿನಲ್ಲಿ ಸೋಸಿ, ಮೊದಲ 1 ಮಿ.ಲೀ. ಚೆಲ್ಲಿಬಿಡಿ. ಇಷ್ಟು ಗಟ್ಟಿ ದ್ರಾವಣದಲ್ಲಿ ಮೆಟ್‌ಫಾರ್ಮಿನ್ ಹೊರಬರುವ ಹೊತ್ತಿಗೆ ಡೈವರ್ಟ್ ವಾಲ್ವ್ ಅದನ್ನು ವೇಸ್ಟ್ ಬಾಟಲಿಗೆ ತಿರುಗಿಸದಿದ್ದರೆ ಸೋರ್ಸ್ ಕೊಳೆಯಾಗಿ, ಮಧ್ಯಾಹ್ನದ ಅಂಕಿಗಳು ಬೆಳಗಿನವಕ್ಕೆ ತಾಳೆಯಾಗುವುದಿಲ್ಲ.

ಅಸಿಡಿಟಿ ಔಷಧ ರಾನಿಟಿಡಿನ್ ಪರೀಕ್ಷೆ ಮಾಡುವವರಿಗೂ ಒಂದು ಮಾತು: ಅದನ್ನು ಜಿಸಿ ಹೆಡ್‌ಸ್ಪೇಸ್‌ನಲ್ಲಿ (ಕಾಯಿಸಿದ ಮಾದರಿಯ ಆವಿಯನ್ನು ಅಳೆಯುವ ವಿಧಾನ) 130 ಡಿಗ್ರಿಗೆ ಕಾಯಿಸಬೇಡಿ. ಆ ಅಣುವಿನೊಳಗೇ ಡೈಮೀಥೈಲ್ ಅಮೀನೂ ಇದೆ, ನೈಟ್ರೋ ಗುಂಪೂ ಇದೆ. ಬಿಸಿಗೆ ನಿಮ್ಮ ವಯಲ್‌ನಲ್ಲೇ ಎನ್‌ಡಿಎಂಎ ತಯಾರಾಗುತ್ತದೆ.

ಪ್ರಶ್ನೆ: ನಕಲಿ ಮಾತ್ರೆಯನ್ನು ಪುಡಿ ಮಾಡದೆ, ಬರೀ ಚಿತ್ರ ತೆಗೆದು ಗುರುತಿಸಬಹುದೇ? — ಬಿ.ಫಾರ್ಮ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅನುಮಾನದ ಮಾತ್ರೆಯನ್ನು ಬೇರೆ ಇಡಲು ಚಿತ್ರ ಸಾಕು. ಅದರೊಳಗೆ ಏನಿದೆಯೆಂದು ಹೇಳಲು ಮಾಸ್ ಬೇಕು, ಎಷ್ಟಿದೆಯೆಂದು ಹೇಳಲು ಎಚ್‌ಪಿಎಲ್‌ಸಿ. ಈ ಮೂರಕ್ಕೂ ಪಕ್ಕದಲ್ಲಿ ಅಸಲಿ ಕಂಪನಿಯ ಮಾತ್ರೆ ಇರಲೇಬೇಕು. ಹೋಲಿಸಲು ಅಸಲಿ ಇಲ್ಲದೆ ತೆಗೆದ ಚಿತ್ರ ನೋಡಲು ಚೆಂದ, ಅಷ್ಟೇ.

ಆಗ್ನೇಯ ಏಷ್ಯಾದಲ್ಲಿ ಹರಡಿದ್ದ ನಕಲಿ ಆರ್ಟೆಸುನೇಟ್ ಇದಕ್ಕೆ ದೊಡ್ಡ ಪಾಠ. ಮಲೇರಿಯಾಕ್ಕೆ ಕೊಡುವ ಈ ಮಾತ್ರೆಯ 391 ಮಾದರಿಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ, 195ರಲ್ಲಿ ಔಷಧ ಇರಲೇ ಇಲ್ಲ ಅಥವಾ ತೀರ ಕಡಿಮೆ ಇತ್ತು. ಪೊಟ್ಟಣದ ಹೊಲೊಗ್ರಾಮನ್ನು ಹತ್ತಾರು ಬಗೆಯಲ್ಲಿ ನಕಲು ಮಾಡಿದ್ದರು. ಮಾತ್ರೆಯಲ್ಲಿ ಸಿಕ್ಕ ಪರಾಗರೇಣುಗಳು ಚೀನಾದ ದಕ್ಷಿಣ ಭಾಗದತ್ತ ಬೆರಳು ತೋರಿದವು. ಕೆಲವದರಲ್ಲಿ ಪ್ಯಾರಾಸಿಟಮಾಲ್ ಇತ್ತು. ಇದು ಅತ್ಯಂತ ಕ್ರೂರವಾದ ಮೋಸ: ಜ್ವರ ಇಳಿಯುತ್ತದೆ, ಮನೆಯವರು ಗುಣವಾಯಿತೆಂದು ನಂಬುತ್ತಾರೆ, ಪರಾವಲಂಬಿ ರಕ್ತದಲ್ಲಿ ಬೆಳೆಯುತ್ತಲೇ ಇರುತ್ತದೆ.

ಆ ಕೆಲಸಕ್ಕೆ ಬಳಸಿದ ಡೀಸಿ (DESI) ಎಂಬ ಮಾಸ್ ವಿಧಾನ 2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡದಿಂದ ಬಂದದ್ದು. ವಿದ್ಯುದಂಶ ತುಂಬಿದ ಮೆಥನಾಲ್-ನೀರಿನ ಸಣ್ಣ ಹನಿಗಳನ್ನು ಮಾತ್ರೆಯ ಮೇಲೆ ಓರೆಯಾಗಿ ಸಿಂಪಡಿಸಿದರೆ, ಮೇಲ್ಮೈಯ ಅಣುಗಳು ಎದ್ದು ಯಂತ್ರದೊಳಗೆ ಹೋಗುತ್ತವೆ. ಮಾತ್ರೆಗೆ ಕೆಲವೇ ಸೆಕೆಂಡು. ಆದರೆ ಆರ್ಟೆಸುನೇಟನ್ನು ಎಂ/ಝಡ್ 385ರಲ್ಲಿ ಹುಡುಕಬೇಡಿ. ಆ ಸೂಕ್ಷ್ಮ ಅಣು ಪ್ರೋಟಾನ್ ಸೇರಿದ ರೂಪದಲ್ಲಿ ಉಳಿಯುವುದೇ ಕಷ್ಟ. ಅಮೋನಿಯಂ ಜೊತೆ 402, ಸೋಡಿಯಂ ಜೊತೆ 407ರಲ್ಲಿ ನೋಡಿ. ಇಲ್ಲದಿದ್ದರೆ ಅಸಲಿಯನ್ನೇ ನಕಲಿ ಎಂದು ಬರೆದುಬಿಡುತ್ತೀರಿ. ಪ್ಯಾರಾಸಿಟಮಾಲ್ 152ರಲ್ಲಿ ಎದ್ದು ಕಾಣುತ್ತದೆ.

ಚಿತ್ರದ ವಿಷಯಕ್ಕೆ ಬಂದರೆ, ನಿಯರ್-ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಅಸಲಿ ಮತ್ತು ಅನುಮಾನದ ಮಾತ್ರೆಗಳನ್ನು ಒಂದೇ ಫ್ರೇಮಿನಲ್ಲಿ ಇಟ್ಟು ತೆಗೆಯಿರಿ. ಸ್ಟ್ರಿಪ್ಪಿನಿಂದ ಬಿಡಿಸಿ ಹೊರಗಿಟ್ಟ ಮಾತ್ರೆ ಮಳೆಗಾಲದ ತೇವ ಎಳೆದುಕೊಂಡರೆ 1450 ಮತ್ತು 1940 ನ್ಯಾನೋಮೀಟರ್ ಬಳಿ ನೀರಿನ ಪಟ್ಟಿ ಉಬ್ಬಿ, ಅಸಲಿಯೂ ಬೇರೆಯಂತೆ ಕಾಣುತ್ತದೆ. ಎರಡನ್ನೂ ಒಟ್ಟಿಗೇ ಬಿಡಿಸಿ. ಲೇಪನವಿರುವ ಮಾತ್ರೆಯಾದರೆ ಕ್ಯಾಮೆರಾ ನೋಡುವುದು ಹೆಚ್ಚಾಗಿ ಲೇಪನವನ್ನೇ. ಬ್ಲೇಡಿನಿಂದ ಸಮತಟ್ಟಾಗಿ ಕತ್ತರಿಸಿ ಒಳಮೈ ತೋರಿಸಿ.

ಮಾಸ್ ಇಮೇಜಿಂಗ್‌ನಲ್ಲಿ ಅದೇ ಸಿಂಪಡಣೆ ಸಾಲುಸಾಲಾಗಿ ಸಾಗುತ್ತದೆ. 10 ಮಿ.ಮೀ. ಅಗಲದ ಮೇಲ್ಮೈಗೆ 100 ಮೈಕ್ರಾನ್ ಹೆಜ್ಜೆ ಇಟ್ಟರೆ 10,000 ಚುಕ್ಕೆ. ಸೆಕೆಂಡಿಗೆ ಐದು ಚುಕ್ಕೆಯಾದರೆ ಅರ್ಧ ಗಂಟೆಯ ಮೇಲೆ. ಕಲ್ಮಶ ಹುಟ್ಟಿದ್ದೆಲ್ಲಿ ಎಂಬ ಸುಳಿವು ಸಿಗುವುದು ಇಲ್ಲೇ. ಅಂಚಿನಲ್ಲಿ ಮಾತ್ರ ಉಂಗುರದಂತೆ ಕಂಡರೆ ಗಾಳಿ, ತೇವದಿಂದ ಔಷಧ ಕೆಟ್ಟಿರುವ ಸಾಧ್ಯತೆ ಹೆಚ್ಚು. ಔಷಧ ಇರುವಲ್ಲೆಲ್ಲ ಅದರ ಜೊತೆಗೇ ಕಂಡರೆ ತಯಾರಿಯ ರಾಸಾಯನಿಕ ಹಂತವನ್ನು ಅನುಮಾನಿಸಿ. ಒಂದು ಕಪ್ಪು ಜಾಗ ಕಂಡ ಕೂಡಲೇ ‘ಇಲ್ಲಿ ಔಷಧವಿಲ್ಲ’ ಎನ್ನಬೇಡಿ. ಅಲ್ಲಿ ಗುಳಿ ಬಿದ್ದಿರಬಹುದು, ಅಥವಾ ಪಕ್ಕದ ಬೇರೆ ಘಟಕ ಸಂಕೇತವನ್ನು ಅದುಮಿರಬಹುದು.

ಪ್ರಶ್ನೆ: 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ದ್ರಾವಣದ ಮೇಲೆ ಶಂಕೆ ಬಂತು. ಇಂಥ ಯಂತ್ರ ಇದ್ದಿದ್ದರೆ ಮೊದಲೇ ಹಿಡಿಯಬಹುದಿತ್ತೇ? — ಸ್ಟಾಫ್ ನರ್ಸ್, ಹೊಸಪೇಟೆ

ಉತ್ತರ: ರಿಂಗರ್ ಲ್ಯಾಕ್ಟೇಟ್‌ನಂಥ ದ್ರಾವಣಕ್ಕೆ ಮೊದಲು ಬೇಕಾದ ಪರೀಕ್ಷೆಗಳೇ ಬೇರೆ. ಬ್ಯಾಕ್ಟೀರಿಯಾದ ವಿಷಾಂಶವಾದ ಎಂಡೋಟಾಕ್ಸಿನ್‌ಗೆ ಎಲ್‌ಎಎಲ್ ಪರೀಕ್ಷೆ, ಕ್ರಿಮಿರಹಿತವೇ ಎಂದು ನೋಡಲು 14 ದಿನ ಕಾವು ಕೊಟ್ಟು ಕಾಯುವ ಪರೀಕ್ಷೆ. ಆಸ್ಪತ್ರೆಯ ಮಾಲ್ಡಿ-ಟಾಫ್ ಎಂಬ ಮಾಸ್ ಯಂತ್ರ ಬೆಳೆದು ಬಂದ ಬ್ಯಾಕ್ಟೀರಿಯಾದ ಹೆಸರು ಹೇಳುತ್ತದೆ, ಬಾಟಲಿಯನ್ನು ಪಾಸು ಮಾಡುವುದಿಲ್ಲ. ಡ್ರಿಪ್ ಹಾಕಿದ ಒಬ್ಬರಿಗೇ ಚಳಿ ನಡುಕ ಬಂದರೂ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ಉಳಿದ ದ್ರಾವಣ ಮತ್ತು ಸೆಟ್ಟನ್ನು ಚೆಲ್ಲದೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಬ್ಯಾಚ್ ಸಂಖ್ಯೆ ಬರೆದಿಡಿ, ಔಷಧದ ಅಡ್ಡಪರಿಣಾಮ ತಿಳಿಸುವ ಸಹಾಯವಾಣಿ 1800-180-3024ಕ್ಕೆ ವರದಿ ಮಾಡಿ.

ಪ್ರಶ್ನೆ: ಮಾತ್ರೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಆದರೆ ಅಸಲಿ ಎಂದು ನಂಬಬಹುದೇ? ಅನುಮಾನ ಬಂದರೆ ಸಾಮಾನ್ಯ ಜನ ಪರೀಕ್ಷೆ ಮಾಡಿಸಲು ಸಾಧ್ಯವೇ? — ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳಿಗೆ ಈ ಕೋಡ್ ಕಡ್ಡಾಯ. ಸ್ಕ್ಯಾನ್ ಆದರೆ ಸಾಲದು, ಏಕೆಂದರೆ ಕೋಡನ್ನೂ ನಕಲು ಮಾಡಬಹುದು. ಅದರಲ್ಲಿ ಬರುವ ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ಲೈಸೆನ್ಸ್ ಸಂಖ್ಯೆ ಸ್ಟ್ರಿಪ್ ಮೇಲೆ ಅಚ್ಚಾದುದಕ್ಕೆ ಅಕ್ಷರಶಃ ಹೊಂದುತ್ತವೆಯೇ ನೋಡಿ.

ಪರೀಕ್ಷೆ ಮಾಡಿಸುವ ಹಕ್ಕು ನಿಮಗಿದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಂ ಪ್ರಕಾರ, ಕೊಂಡ ಔಷಧವನ್ನು ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಗೆ ಸಲ್ಲಿಸಬಹುದು. ಅರ್ಜಿ ನಮೂನೆ 14-ಎ, ವರದಿ ಬರುವುದು 14-ಬಿಯಲ್ಲಿ. ಮೊದಲು ನಿಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಡಿ. ಬಿಲ್ಲು ಜೋಪಾನವಾಗಿರಲಿ, ಅದೇ ಬ್ಯಾಚಿನ ಒಡೆಯದ ಸ್ಟ್ರಿಪ್‌ಗಳು ಇರಲಿ. ಒಂದೆರಡು ಮಾತ್ರೆಯಲ್ಲಿ ಪೂರ್ತಿ ಪರೀಕ್ಷೆ ಆಗುವುದಿಲ್ಲ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಬ್ಯಾಚ್ ಸಂಖ್ಯೆಯೇ ಇಲ್ಲದಿದ್ದರೆ ವರದಿ ಬಂದರೂ ಯಾವ ಬ್ಯಾಚಿನ ಮೇಲೆ ಕ್ರಮ ಕೈಗೊಳ್ಳುವುದು? ಹಾಗಾಗಿ ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಳ್ಳುವಾಗಲೂ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.